ವಲಸೆ ಸ್ಟೇಟಸ್ ಇಲ್ಲದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ಓದಬಹುದು: ಯಾವ ಅರ್ಜಿ, ಎಲ್ಲಿ ಕೊಡಬೇಕು?

ಕಳೆದ ಚಳಿಗಾಲದಲ್ಲಿ ಫ್ರೀಮಾಂಟಿನ ನಮ್ಮ ಮನೆಯಲ್ಲಿ ಗೆಳತಿಯ ಮಗಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಒಂಬತ್ತು ವರ್ಷಕ್ಕೆ ಮೈಸೂರಿನಿಂದ ಬಂದವಳು. ಅಪ್ಪನ ಕೆಲಸ ಹೋಯಿತು, ಎಚ್-1ಬಿ ಕೆಲಸದ ವೀಸಾದವರಿಗೆ ಸಿಗುವ 60 ದಿನದ ಗಡುವೂ ಮುಗಿಯಿತು, ಮನೆಮಂದಿಯೆಲ್ಲ ಔಟ್ ಆಫ್ ಸ್ಟೇಟಸ್ ಆದರು, ಅಂದರೆ ಇಲ್ಲಿರಲು ಕಾನೂನಿನ ಅನುಮತಿ ಇಲ್ಲದವರಾದರು. ಫಾರ್ಮ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರಿನ (ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಅವಳಿಗೆ ಇರಲಿಲ್ಲ) ಖಾನೆ ಬಂದಾಗ ಅವಳ ಕೈ ನಿಂತುಬಿಟ್ಟಿತು. "ಆಂಟಿ, ಇಲ್ಲಿಗೆ ಮುಗೀತು ಅಲ್ವಾ?" ಎಂದಳು. ಮುಗಿದಿರಲಿಲ್ಲ. ಅವಳು ತುಂಬುತ್ತಿದ್ದ ಫಾರ್ಮೇ ಬೇರೆ.

ಅದು ಫ್ಯಾಫ್ಸಾ, ಅಂದರೆ ಕೇಂದ್ರ ಸರ್ಕಾರದ ನೆರವಿನ ಅರ್ಜಿ. ಕಾಗದಪತ್ರ ಇಲ್ಲದ ಮಕ್ಕಳಿಗೆ ಆ ಹಣ ಸಿಗುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆ ಎಂದರೆ ಆ ಪುಟವನ್ನು ಮುಚ್ಚುವುದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಯಾವ ಫಾರ್ಮ್‌ನಲ್ಲೂ ಅಮೆರಿಕದ ಪ್ರಜೆ ಎಂಬ ಖಾನೆಗೆ ಟಿಕ್ ಹಾಕಬೇಡಿ. ಪ್ರಜೆ ಅಲ್ಲದವರು ಪ್ರಜೆ ಎಂದು ಹೇಳಿಕೊಂಡರೆ, ಮುಂದೆ ಗ್ರೀನ್ ಕಾರ್ಡಿಗೆ ದಾರಿ ತೆರೆದರೂ ಅದು ಅಡ್ಡ ಬರುತ್ತದೆ. "ಸುಮ್ನೆ ಒಂದು ಟಿಕ್ ತಾನೆ" ಎನ್ನುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ.

ಎರಡನೆಯದು, ಎಬಿ 540. 2001ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ ಕಾನೂನು ಇದು. ರಾಜ್ಯದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ, ಇಲ್ಲೇ ಪಾಸಾದವರು ಹೊರರಾಜ್ಯದವರ ಫೀ ಕಟ್ಟಬೇಕಿಲ್ಲ. ಆಮೇಲೆ ಬಂದ ತಿದ್ದುಪಡಿಗಳಿಂದ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು), ಅಡಲ್ಟ್ ಸ್ಕೂಲಿನ ಓದೂ ಲೆಕ್ಕಕ್ಕೆ ಬರುತ್ತದೆ. ವ್ಯತ್ಯಾಸ ಸಣ್ಣದಲ್ಲ. ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಹೊರಗಿನವರು ವರ್ಷಕ್ಕೆ 34,000 ಡಾಲರಿಗಿಂತ ಜಾಸ್ತಿ ಹೆಚ್ಚುವರಿ ಫೀ ಕಟ್ಟುತ್ತಾರೆ. ಇದಕ್ಕೊಂದು ಅಫಿಡವಿಟ್ ಇದೆ. ನಾನು ಈ ರಾಜ್ಯದಲ್ಲಿ ಇಷ್ಟು ವರ್ಷ ಓದಿದ್ದೇನೆ, ಅವಕಾಶ ಬಂದ ಕೂಡಲೇ ಸ್ಟೇಟಸ್ ಸರಿಪಡಿಸಿಕೊಳ್ಳಲು ಅರ್ಜಿ ಹಾಕುತ್ತೇನೆ ಎಂದು ಬರೆದು ಸಹಿ ಮಾಡಿ, ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಸೇರಲಿರುವ ಕಾಲೇಜಿಗೆ ಮುಟ್ಟಿಸಬೇಕು. ವೀಸಾ ಇನ್ನೂ ಚಾಲ್ತಿಯಲ್ಲಿರುವ ಎಚ್-4 (ಎಚ್-1ಬಿಯವರ ಕುಟುಂಬದ ವೀಸಾ) ಮಕ್ಕಳ ಲೆಕ್ಕ ಬೇರೆ. ಅವರು ಕಾಲೇಜಿನ ರೆಸಿಡೆನ್ಸಿ ವಿಭಾಗದಲ್ಲಿ ವಿಚಾರಿಸಬೇಕು.

ಮೂರನೆಯದು, ಕ್ಯಾಲಿಫೋರ್ನಿಯಾ ಡ್ರೀಮ್ ಆಕ್ಟ್ ಅರ್ಜಿ. 2011ರ ಕಾನೂನಿನಿಂದ ಬಂದದ್ದು. ರಾಜ್ಯದ ಸ್ಟೂಡೆಂಟ್ ಏಡ್ ಕಮಿಷನ್ ಇದನ್ನು ನಡೆಸುತ್ತದೆ. ಸೋಶಿಯಲ್ ನಂಬರ್ ಬೇಕಿಲ್ಲ, ಡಾಕಾ (ಚಿಕ್ಕಂದಿನಲ್ಲಿ ಬಂದವರಿಗೆ ಗಡಿಪಾರಿನಿಂದ ತಾತ್ಕಾಲಿಕ ರಕ್ಷಣೆ) ಇರಲೇಬೇಕು ಎಂದೂ ಇಲ್ಲ. ಅರ್ಹತೆ ಇದ್ದರೆ ಕ್ಯಾಲ್ ಗ್ರ್ಯಾಂಟ್ ಎಂಬ ರಾಜ್ಯದ ನೆರವು, ಮಿಡ್ಲ್ ಕ್ಲಾಸ್ ಸ್ಕಾಲರ್‌ಶಿಪ್, ಯುಸಿ ಮತ್ತು ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕೊಡುವ ಗ್ರ್ಯಾಂಟ್‌ಗಳಿಗೆ ಇದೇ ಬಾಗಿಲು. ಕಮ್ಯುನಿಟಿ ಕಾಲೇಜಿನಲ್ಲಾದರೆ ಒಂದು ಯೂನಿಟ್‌ಗೆ ಕಟ್ಟುವ 46 ಡಾಲರ್ ಕೂಡ ಮನ್ನಾ ಆಗಬಹುದು. ಕ್ಯಾಲ್ ಗ್ರ್ಯಾಂಟಿಗೆ ಸಾಮಾನ್ಯವಾಗಿ ಮಾರ್ಚ್ 2 ಕೊನೆಯ ದಿನ. ಕಮ್ಯುನಿಟಿ ಕಾಲೇಜಿನವರಿಗೆ ಸೆಪ್ಟೆಂಬರ್ 2ರವರೆಗೆ ಇನ್ನೊಂದು ಅವಕಾಶ ಇರುತ್ತದೆ. ಜಿಪಿಎ (ಅಂಕಗಳ ಸರಾಸರಿ) ಕೂಡ ಗಡುವಿನೊಳಗೆ ಕಮಿಷನ್‌ಗೆ ಮುಟ್ಟಬೇಕು. ಹೈಸ್ಕೂಲಿನವರು ಕಳಿಸಿದ್ದಾರಾ ಎಂದು ಕೌನ್ಸಿಲರ್ ಹತ್ತಿರ ನೀವೇ ಕೇಳಿ.

ಅಪ್ಪ ಅಮ್ಮನ ಆದಾಯವನ್ನೂ ಬರೆಯಬೇಕು. ಅವರಲ್ಲಿ ಒಬ್ಬರ ಸಹಿಯೂ ಬೇಕು. ನನ್ನ ಗೆಳತಿ ಹೆದರಿದ್ದು ಇಲ್ಲೇ. "ನಮ್ಮ ಹೆಸರು ಯಾರ ಕೈಗೆ ಹೋಗುತ್ತೋ ಏನೋ ಅಕ್ಕಾ" ಎಂದಳು. ಆ ಭಯಕ್ಕೆ ಕಾರಣ ಇದೆ, ಅದನ್ನು ತಳ್ಳಿಹಾಕಬಾರದು. ಈ ಅರ್ಜಿ ಹೋಗುವುದು ರಾಜ್ಯದ ಕಮಿಷನ್‌ಗೆ, ಫ್ಯಾಫ್ಸಾ ಹಾಗೆ ಕೇಂದ್ರಕ್ಕಲ್ಲ. ಇಲ್ಲೇ ಹುಟ್ಟಿದ ತಮ್ಮನೋ ತಂಗಿಯೋ ಕಾಲೇಜಿಗೆ ಬಂದಾಗ ಯಾವ ಅರ್ಜಿ ತುಂಬಬೇಕು ಎನ್ನುವುದನ್ನಂತೂ ಕೌನ್ಸಿಲರ್ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಿ. ಅವರು ಫ್ಯಾಫ್ಸಾ ತುಂಬಿದರೆ ಅಪ್ಪ ಅಮ್ಮನ ವಿವರ ಕೇಂದ್ರಕ್ಕೇ ಹೋಗುತ್ತದೆ.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ಅಫಿಡವಿಟ್ ಬೇರೆ, ಡ್ರೀಮ್ ಆಕ್ಟ್ ಅರ್ಜಿ ಬೇರೆ. ಒಂದು ಫೀ ರಿಯಾಯಿತಿಗೆ, ಇನ್ನೊಂದು ರಾಜ್ಯದ ನೆರವಿಗೆ. ಒಂದನ್ನು ತುಂಬಿದ ಮಾತ್ರಕ್ಕೆ ಇನ್ನೊಂದೂ ಆಯಿತು ಎಂದುಕೊಳ್ಳಬೇಡಿ, ಎರಡೂ ಮುಟ್ಟಿವೆಯೇ ಎಂದು ಕಾಲೇಜಿನಲ್ಲಿ ಕೇಳಿ. ಗೆಳತಿಯ ಮಗಳು ಎರಡರ ಹೆಸರನ್ನೂ ಒಂದು ಹಳದಿ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಒಂದಕ್ಕೆ ಗೆರೆ ಎಳೆದು ಮೂರು ವಾರವಾದರೂ ಇನ್ನೊಂದು ಹಾಗೇ ಇತ್ತು. ದಿನಾ ಹಾಲು ತೆಗೆಯುವಾಗ ಅದನ್ನು ನೋಡಿ ನೋಡಿಯೇ ಕೊನೆಗೆ ಮುಗಿಸಿದಳು.

ಕಾಲೇಜು ಸೇರಿದ ಮೇಲೆ ಒಬ್ಬರೇ ಒದ್ದಾಡಬೇಡಿ. 2019ರ ಎಬಿ 1645 ಕಾನೂನಿನ ಪ್ರಕಾರ ಕಮ್ಯುನಿಟಿ ಕಾಲೇಜು, ಸಿಎಸ್‌ಯು ಕ್ಯಾಂಪಸ್‌ಗಳಲ್ಲಿ ಇಂಥ ಮಕ್ಕಳಿಗೆಂದೇ ಡ್ರೀಮರ್ ರಿಸೋರ್ಸ್ ಲಿಯಾಸನ್ ಎಂಬ ಒಬ್ಬರು ಇರಬೇಕು. ಎಷ್ಟೋ ಕಡೆ ಡ್ರೀಮ್ ಸೆಂಟರ್ ಎಂಬ ಕೋಣೆಯೇ ಇದೆ. ಸ್ಕಾಲರ್‌ಶಿಪ್, ಪುಸ್ತಕ, ಮನಸ್ಸಿನ ಭಾರ, ವಕೀಲರ ಸಲಹೆ, ಎಲ್ಲಕ್ಕೂ ಅಲ್ಲಿಂದಲೇ ಶುರು ಮಾಡಿ. ಯುಸಿ ವಿದ್ಯಾರ್ಥಿಗಳಿಗೆ ವಲಸೆ ವಕೀಲರ ನೆರವು ಉಚಿತ. ದುಡ್ಡು ಕೊಟ್ಟರೆ ಎಲ್ಲ ಸರಿ ಮಾಡಿಕೊಡುತ್ತೇವೆ ಎನ್ನುವ ಏಜೆಂಟರ ಹತ್ತಿರ ಹೋಗಬೇಡಿ.

ಬೇರೆ ರಾಜ್ಯದಲ್ಲಿ ಇರುವವರು ಅಲ್ಲಿನ ಈ ವರ್ಷದ ನಿಯಮವನ್ನೇ ಕೇಳಿ ತಿಳಿದುಕೊಳ್ಳಿ. ಟೆಕ್ಸಾಸ್ 2001ರಲ್ಲೇ ಕೊಟ್ಟಿದ್ದ ಇಂಥ ಫೀ ರಿಯಾಯಿತಿ 2025ರ ಜೂನ್‌ನಲ್ಲಿ ಕೋರ್ಟಿನ ಆದೇಶದಿಂದ ನಿಂತುಹೋಯಿತು.

ಕೊನೆಗೆ ಮೊದಲ ಬಿಲ್ ಬರುತ್ತದೆ. ಅದರಲ್ಲಿ ನಾನ್-ರೆಸಿಡೆಂಟ್ ಟ್ಯೂಷನ್ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಅಫಿಡವಿಟ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ ಎಂದರ್ಥ. ದುಡ್ಡು ಕಟ್ಟುವ ಮೊದಲು ಅಫಿಡವಿಟ್‌ನ ಪ್ರತಿ ಹಿಡಿದು ಅಡ್ಮಿಷನ್ ಆಫೀಸಿಗೆ ಹೋಗಿ.