ಲಾಗಿನ್ ಪರದೆಯಲ್ಲೇ ನಮ್‌ಲಾಕ್ ಹೊತ್ತಿಸಿದ ಬಗೆ

ಮಂಡ್ಯದ ಎಪಿಎಂಸಿ ಯಾರ್ಡಿನ ಬೆಲ್ಲದ ಮಂಡಿಯೊಂದರಲ್ಲಿ ಲೆಕ್ಕದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿನ ಹಳೆಯ ಯಂತ್ರವೊಂದಕ್ಕೆ ವಿಂಡೋಸ್‌ನಂತೆ ಯಂತ್ರ ನಡೆಸುವ ತಂತ್ರಾಂಶವಾದ ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿಯನ್ನು ಹಾಕಿಕೊಟ್ಟ ಮರುದಿನವೇ ಹಿರಿಯ ಗುಮಾಸ್ತರು ಫೋನ್ ಮಾಡಿ, "ಪಾಸ್‌ವರ್ಡ್ ತಗೊಳ್ತಾನೇ ಇಲ್ಲ ಕಣಪ್ಪ, ಬೆಳಗ್ಗಿಂದ ಮೂರು ಸಲ ಹೊಡೆದೆ" ಎಂದರು. ಹೋಗಿ ಪಕ್ಕದಲ್ಲಿ ನಿಂತು ನೋಡಿದೆ. ಮೊದಲ ಐದು ಅಕ್ಷರಗಳಿಗೆ ಐದು ಚುಕ್ಕೆಗಳು ಮೂಡಿದವು. ಆಮೇಲೆ ಅವರ ಬಲಗೈ ಪಕ್ಕದ ಅಂಕಿಗಳ ಮೇಲೆ ಅಭ್ಯಾಸದಂತೆ ಓಡಿತು, ಆದರೆ ಒಂದು ಚುಕ್ಕೆಯೂ ಹೆಚ್ಚಲಿಲ್ಲ. ಕೀಬೋರ್ಡಿನ ಮೂಲೆಯ ಪುಟ್ಟ ದೀಪ ಆರಿತ್ತು.

ಅದು ನಮ್‌ಲಾಕ್ ಕೀಲಿಯ ದೀಪ; ಬಲಬದಿಯ ಅಂಕಿಗಳನ್ನು ಅಂಕಿಗಳಾಗಿಯೇ ಇರಿಸುವುದು ಆ ಕೀಲಿ. ನಮ್‌ಲಾಕ್ ಆರಿದ್ದಾಗ ಅಲ್ಲಿನ 7 ಸಾಲಿನ ಮೊದಲಿಗೆ ಒಯ್ಯುವ ಹೋಮ್ ಕೀಲಿಯಾಗುತ್ತದೆ, 4 ಮತ್ತು 8 ಬಾಣದ ಕೀಲಿಗಳಾಗುತ್ತವೆ. 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ 83 ಕೀಲಿಗಳಷ್ಟೇ ಇದ್ದು, ಬಾಣಗಳಿಗೆ ಬೇರೆ ಜಾಗವಿರಲಿಲ್ಲವಾದ್ದರಿಂದ ಒಂದೇ ಕೀಲಿಗೆ ಎರಡು ಕೆಲಸ ಹಚ್ಚಿದ್ದರು. ಬಾಣಗಳು ಪ್ರತ್ಯೇಕವಾಗಿ ಬಂದ ಮೇಲೂ ಆ ವ್ಯವಸ್ಥೆ ಉಳಿದುಕೊಂಡಿತು. ಅಚ್ಚು, ಬಕೆಟ್, ಕುರಿಕಟ್ಟು ಎಂದು ಬಗೆಬಗೆಯ ಬೆಲ್ಲದ ತೂಕ, ದರಗಳನ್ನು ದಿನವಿಡೀ ಹೊಡೆಯುವವರಿಗೆ ಆ ಅಂಕಿಗಳೇ ಕೈಕಾಲು. ಪ್ರತಿದಿನ ನೆನಪಿಟ್ಟು ಒಂದು ಕೀಲಿ ಒತ್ತಿ ಎಂದು ಅವರಿಗೆ ಹೇಳಿ ಬರುವುದು ನನಗೆ ಸರಿ ಕಾಣಲಿಲ್ಲ.

ಮೊದಲು ಬಯಾಸ್, ಅಂದರೆ ಯಂತ್ರ ಹೊತ್ತಿದೊಡನೆ ಓಡುವ ಮೂಲ ತಂತ್ರಾಂಶದ ಸೆಟ್ಟಿಂಗ್ಸ್, ನೋಡಿದೆ. ಅಲ್ಲಿ ನಮ್‌ಲಾಕ್ ಆನ್ ಎಂದೇ ಇತ್ತು. ಯಂತ್ರ ಹೊತ್ತಿಕೊಂಡ ಕ್ಷಣದಲ್ಲಿ ದೀಪವೂ ಬೆಳಗುತ್ತಿತ್ತು, ಆದರೆ ಲಾಗಿನ್ ಪರದೆ ಬರುವ ಹೊತ್ತಿಗೆ ಆರುತ್ತಿತ್ತು. ಆದ್ದರಿಂದ ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು, ನಮ್‌ಲಾಕ್ ಹೊತ್ತಿಸುವ ನಮ್‌ಲಾಕ್‌ಎಕ್ಸ್ ಎಂಬ ಚಿಕ್ಕ ಪ್ಯಾಕೇಜನ್ನು ತಂತ್ರಾಂಶ ಹಾಕುವ ಆಪ್ಟ್ ಆದೇಶದ ಮೂಲಕ ಹಾಕಿಕೊಂಡು, ಅದನ್ನು 'ಆನ್' ಎಂಬ ಸೂಚನೆಯೊಂದಿಗೆ ಸ್ಟಾರ್ಟ್‌ಅಪ್ ಅಪ್ಲಿಕೇಷನ್‌ಗಳ ಪಟ್ಟಿಗೆ ಸೇರಿಸಿದೆ. ಇಲ್ಲಿ ನಾನು ಎಡವಿದೆ. ಆ ಪಟ್ಟಿಯಲ್ಲಿರುವುದೆಲ್ಲ ನಡೆಯುವುದು ಬಳಕೆದಾರರು ಒಳಗೆ ಹೋದ ಮೇಲೆ. ನಮಗೆ ಅಂಕಿ ಬೇಕಾಗಿದ್ದದ್ದು ಬಾಗಿಲಲ್ಲೇ.

ಮಿಂಟ್‌ನಲ್ಲಿ ಬಾಗಿಲು ಕಾಯುವುದು, ಅಂದರೆ ಲಾಗಿನ್ ಪರದೆ ನಡೆಸುವುದು, ಲೈಟ್‌ಡಿಎಂ ಎಂಬ ತಂತ್ರಾಂಶ. ಆಡಳಿತ ವಿಭಾಗದ 'ಲಾಗಿನ್ ವಿಂಡೋ' ತೆರೆದು, ಸೆಟ್ಟಿಂಗ್ಸ್ ಪುಟದಲ್ಲಿ ನಮ್‌ಲಾಕ್ ಸಕ್ರಿಯಗೊಳಿಸುವ ಸ್ವಿಚ್ಚನ್ನು ಒತ್ತಿದೆ. ನಮ್‌ಲಾಕ್‌ಎಕ್ಸ್ ಇಲ್ಲದಿದ್ದರೆ ಈ ಸ್ವಿಚ್ಚು ಕೆಲಸಕ್ಕೆ ಬರುವುದಿಲ್ಲ, ಹಾಗಾಗಿ ಪ್ಯಾಕೇಜು ಮೊದಲು, ಸ್ವಿಚ್ಚು ಆಮೇಲೆ. ಬರೀ ಲಾಗ್‌ಔಟ್ ಮಾಡಿ ತೃಪ್ತನಾಗದೆ, ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದೆ. ಈ ಸಲ ಪರದೆ ಬಂದಾಗ ದೀಪ ಉರಿಯುತ್ತಿತ್ತು; ಗುಮಾಸ್ತರು ಕೀಬೋರ್ಡ್ ಕಡೆ ನೋಡದೆಯೇ ಒಂಬತ್ತು ಚುಕ್ಕೆಗಳನ್ನು ಮೂಡಿಸಿ ಒಳಗೆ ಹೋದರು.

ಮಂಡಿಯ ಇನ್ನೊಂದು ಯಂತ್ರದಲ್ಲಿ ಸಿನಮನ್ ಬದಲು ಕೆಡಿಇಯ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ಇದೆ. ಅಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಪ್ಲಾಸ್ಮಾ ಆರಂಭವಾಗುವಾಗ ನಮ್‌ಲಾಕ್ ಹೇಗಿರಬೇಕೆಂದು ಕೇಳುತ್ತದೆ. ಲಾಗಿನ್ ಪರದೆಗೆ, ಅಲ್ಲಿ ಲೈಟ್‌ಡಿಎಂನ ಕೆಲಸ ಮಾಡುವ ಎಸ್‌ಡಿಡಿಎಂನ ಸಂರಚನಾ ಕಡತದ ಜನರಲ್ ಭಾಗದಲ್ಲಿ ನಮ್‌ಲಾಕ್ ಆನ್ ಎಂದು ಪ್ರತ್ಯೇಕವಾಗಿ ಬರೆಯಬೇಕಾಯಿತು. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಬಳಸುವವರು ನಮ್‌ಲಾಕ್‌ಎಕ್ಸ್ ನೆಚ್ಚಿಕೊಳ್ಳಬಾರದು, ಏಕೆಂದರೆ ಅದು ಮಾತಾಡುವುದು ಹಳೆಯ ವ್ಯವಸ್ಥೆಯಾದ ಎಕ್ಸ್ ಸರ್ವರಿನೊಂದಿಗೆ ಮಾತ್ರ.

ಮಾಲೀಕರು ತಮ್ಮ ಚಿಕ್ಕ ಲ್ಯಾಪ್‌ಟಾಪಿಗೂ ಇದನ್ನೇ ಮಾಡಿಕೊಡಲು ಕೇಳಿದರು. ಅದರಲ್ಲಿ ಬಲಬದಿಯ ಅಂಕಿಗಳಿಲ್ಲ. ನಮ್‌ಲಾಕ್ ಹೊತ್ತಿದರೆ ಜೆ, ಕೆ, ಎಲ್ ಕೀಲಿಗಳು 1, 2, 3 ಆಗಿಬಿಡುತ್ತವೆ. ಅವರಿಗೇ ಒತ್ತಿ ತೋರಿಸಿದೆ, ಅದನ್ನು ಹಾಗೆಯೇ ಬಿಟ್ಟೆವು.