ಲೀಡ್ಸ್‌ಗೆ ಹೊಸದಾಗಿ ಬಂದವರಿಗೆ: ಈ ಊರು ಹಾಡುವ ಕಡೆ ಹೋಗಿ

ಜಿಪಿ (ಕುಟುಂಬ ವೈದ್ಯರ) ನೋಂದಣಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ಕೌನ್ಸಿಲ್ ತೆರಿಗೆ, ಬ್ಯಾಂಕ್ ಖಾತೆ ಇವನ್ನೆಲ್ಲ ಬಂದ ಕೂಡಲೇ ಮುಗಿಸಿಕೊಳ್ಳಿ. ಕಚೇರಿಯಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ. ಯಾರೂ ಹೇಳದ ಸಂಗತಿ ಬೇರೆಯದಿದೆ.

ನಾವು ಬಾಡಿಗೆ ಸಭಾಂಗಣದಲ್ಲಿ ಯುಗಾದಿ, ರಾಜ್ಯೋತ್ಸವ ಮಾಡುತ್ತೇವೆ. ಮಕ್ಕಳು ದಾಸರ ಪದ ಹಾಡುತ್ತಾರೆ, ನಾವೇ ಚಪ್ಪಾಳೆ ತಟ್ಟುತ್ತೇವೆ. ಅದು ಬೇಕು. ಆದರೆ ಅಷ್ಟಕ್ಕೇ ನಿಂತರೆ ಕನ್ನಡದ ಹಾಡೆಂದರೆ ಅಪ್ಪ ಅಮ್ಮನನ್ನು ಮೆಚ್ಚಿಸುವ ಪಾಠವೆಂದು ಮಕ್ಕಳು ತಿಳಿಯುತ್ತಾರೆ. ಹದಿಮೂರು ಹದಿನಾಲ್ಕಕ್ಕೆ ಬಿಟ್ಟೇಬಿಡುತ್ತಾರೆ. ಎಷ್ಟೋ ಮನೆಗಳಲ್ಲಿ ಹೀಗಾದದ್ದನ್ನು ಕಂಡು ಸಂಕಟಪಟ್ಟಿದ್ದೇನೆ.

ಆದ್ದರಿಂದ ಮೊದಲು ಫೋಕ್ ಕ್ಲಬ್ಬಿಗೆ, ಅಂದರೆ ಇಲ್ಲಿನವರು ಜನಪದ ಹಾಡಿಗೆ ಸೇರುವ ಕಡೆಗೆ, ಹೋಗಿ. ಸಾಮಾನ್ಯವಾಗಿ ಅದು ಪಬ್ಬಿನ ಮಹಡಿಯ ಕೋಣೆ. ಪಬ್ ಎಂದು ಹಿಂಜರಿಯಬೇಡಿ, ಕಿತ್ತಳೆ ರಸ ಕೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಮಕ್ಕಳನ್ನು ಬಿಡುತ್ತಾರೆಯೇ ಎಂದು ಮಾತ್ರ ಮೊದಲೇ ವಿಚಾರಿಸಿ. ಹಲವು ಕಡೆ ಮೈಕ್ ಇರುವುದಿಲ್ಲ. ಹಾಡುವವರು ಸೊಲ್ಲೆತ್ತಿದರೆ ಕುಳಿತವರೆಲ್ಲ ಪಲ್ಲವಿಗೆ ದನಿಗೂಡಿಸುತ್ತಾರೆ. ಭಜನೆಯಲ್ಲಿ ಬೆಳೆದ ನಮಗೆ ಇದನ್ನು ಕಲಿಸಬೇಕಾಗಿಲ್ಲ. ಬಾಗಿಲಲ್ಲೇ ಹೆಸರು ಹೇಳಿದರೆ ಅನೇಕ ಕ್ಲಬ್ಬುಗಳಲ್ಲಿ ನಿಮಗೂ ಒಂದೆರಡು ಹಾಡಿನ ಅವಕಾಶ ಸಿಗುತ್ತದೆ. ಶರೀಫರ ಒಂದು ತತ್ವಪದ ಹಾಡಿ. ಅರ್ಥವನ್ನು ಎರಡು ಮಾತಿನಲ್ಲಿ ಹೇಳಿ, ಪಲ್ಲವಿಯನ್ನು ಅವರಿಂದಲೂ ಹಾಡಿಸಿ. ಪರಿಚಯವೇ ಇಲ್ಲದವರು ಕನ್ನಡದ ಸಾಲನ್ನು ಬಾಯಿ ತುಂಬ ಹಾಡುವುದನ್ನು ನಿಮ್ಮ ಮಗಳು ಕೇಳಲಿ.

ವಿರಾಮದಲ್ಲಿ ಕಲಾವಿದರು ಮೇಜಿನ ಮೇಲೆ ಸಿಡಿ ಇಟ್ಟುಕೊಂಡು ನಿಂತಿರುತ್ತಾರೆ. ಹೊಸ ಜೋಡಿಯ ಮೊದಲ ಆಲ್ಬಂ ಇದ್ದರೆ ಕೊಳ್ಳಿ, ಮಾತನಾಡಿಸಿ. ಮೆಲೋಡಿಯನ್ ಎಂಬ ತಿದಿವಾದ್ಯ ನುಡಿಸುವ ಜಾನ್ ಸ್ಪಿಯರ್ಸ್, ಪಿಟೀಲಿನ ಜಾನ್ ಬೋಡನ್ ತಮ್ಮ ಮೊದಲ ಆಲ್ಬಂ ತಂದದ್ದು 2001ರಲ್ಲಿ, ಕಂಬ್ರಿಯಾದ ಫೆಲ್‌ಸೈಡ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯಿಂದ. ಮುಂದೆ ಬೆಲೋಹೆಡ್ ಎಂಬ ದೊಡ್ಡ ತಂಡ ಕಟ್ಟಿದವರೂ ಅವರೇ.

ಇನ್ನು ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ನಾಟಕ. ಅದು ಸಿರಿವಂತರದು, ನಮಗಲ್ಲ ಎಂಬ ಮಾತನ್ನು ನಂಬಬೇಡಿ. ಒಪೆರಾ ನಾರ್ತ್ ಎಂಬ ಕಂಪನಿ 1978ರಿಂದ ನಮ್ಮ ಗ್ರ್ಯಾಂಡ್ ಥಿಯೇಟರಿನಲ್ಲಿ ಆಡುತ್ತಿದೆ. ತಿರುಗಾಟದ ಯಕ್ಷಗಾನ ಮೇಳದಂತೆ ನ್ಯೂಕ್ಯಾಸಲ್, ನಾಟಿಂಗ್‌ಹ್ಯಾಮ್, ಸಾಲ್ಫರ್ಡ್‌ಗಳಿಗೂ ಹೋಗುತ್ತದೆ. ಭಾಷೆ ತಿಳಿಯದಿದ್ದರೂ ಮೇಲೆ ಇಂಗ್ಲಿಷಿನ ಸಾಲುಗಳು ಮೂಡುತ್ತವೆ. 2022ರಲ್ಲಿ ಇದೇ ಕಂಪನಿ, ಸೌತ್ ಏಷ್ಯನ್ ಆರ್ಟ್ಸ್ ಯುಕೆ ಜೊತೆಗೂಡಿ, ಇಟಲಿಯ ಹಳೆಯ ಸಂಗೀತ ರಚನಕಾರ ಮಾಂಟೆವೆರ್ಡಿಯ ಒಪೆರಾದಲ್ಲಿರುವ, ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್‌ನ ಕಥೆಯನ್ನು ಸಿತಾರ್, ತಬಲಾಗಳೊಡನೆ ರಂಗಕ್ಕೆ ತಂದಿತು. ಇಟಾಲಿಯನ್ ಜೊತೆಗೆ ತಮಿಳು, ಮಲಯಾಳಂ, ಪಂಜಾಬಿ ಕೇಳಿಸಿದವು. ಕನ್ನಡ ಇರಲಿಲ್ಲ. ಯಾರನ್ನೂ ದೂರುವುದಿಲ್ಲ. ನಾವು ಅಲ್ಲಿಗೆ ಹೋಗಿ ಬಂದು ಮಾಡಿದರಲ್ಲವೇ ನಮ್ಮದೂ ಒಂದು ದನಿ ಇದೆಯೆಂದು ತಿಳಿಯುವುದು?

ತಡ ಮಾಡಬೇಡಿ ಎನ್ನಲು ಕಾರಣವಿದೆ. ಅದೇ 2022ರ ನವೆಂಬರಿನಲ್ಲಿ ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ಇಂಗ್ಲೆಂಡಿನ ಊರುಗಳಿಗೂ ತಿರುಗುವ ಕಾರ್ಡಿಫ್‌ನ ವೆಲ್ಷ್ ನ್ಯಾಷನಲ್ ಒಪೆರಾಕ್ಕೆ ಕೊಡುತ್ತಿದ್ದ ಹಣದಲ್ಲಿ ಶೇ. 35ರಷ್ಟು ಕಡಿತ ಮಾಡಿತು. ಅವರು ಲಿವರ್‌ಪೂಲ್‌ಗೆ ಬರುವುದೇ ನಿಂತಿತು. ಗ್ಲೈಂಡ್‌ಬೋರ್ನ್ ಎಂಬ ಇನ್ನೊಂದು ಒಪೆರಾ ಕಂಪನಿ ಕೂಡ ತನ್ನ ಪ್ರವಾಸ ಕೈಬಿಟ್ಟಿತು. ರಾಜಧಾನಿಯಿಂದ ದೂರವಿರುವ ಊರುಗಳ ರಂಗವನ್ನು ಹೀಗೆ ಸೊರಗಿಸುವುದು ಅನ್ಯಾಯ. ಇಲ್ಲಿ ತೆರಿಗೆ ಕಟ್ಟುವ ನಾವೂ ಹಾಗೆಂದು ಹೇಳಬೇಕು, ಸಂಸದರಿಗೆ ಬರೆಯಬೇಕು. ಊರು ನಮ್ಮದಾಗುವುದು ಮನೆ ಕೊಂಡಾಗಲ್ಲ, ಊರಿನ ನಷ್ಟಕ್ಕೆ ನಮಗೂ ಹೊಟ್ಟೆ ಉರಿದಾಗ ಎಂದು ನಾನು ನಂಬಿದ್ದೇನೆ.

ಮೂವತ್ತರೊಳಗಿನವರಿಗೆ ಟಿಕೆಟ್ ಅಗ್ಗ, ಕೇಳಿ ಪಡೆಯಿರಿ. ಒಪೆರಾ ನಾರ್ತ್‌ನಲ್ಲಿ ಮಕ್ಕಳ ಗಾಯನ ವೃಂದವೂ ಇದೆ. ಸೇರುವ ವಿವರ ಅವರ ಜಾಲತಾಣದಲ್ಲಿ ಸಿಗುತ್ತದೆ. ಒಬ್ಬರೇ ಹೋಗಲು ಸಂಕೋಚವಾದರೆ ಕನ್ನಡ ಸಂಘದಲ್ಲಿ ಹೇಳಿ, ಜೊತೆಗೆ ನಾನು ಬರುತ್ತೇನೆ.