ಉಜ್ಜದೆ ಉಳಿದ ನನ್ನ ವಿಂಚೆಸ್ಟರ್ 1873

ನಮ್ಮದು ಕೊಡಗು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಲೇ ಬೆಳೆದವನು ನಾನು. ಅಮೆರಿಕಕ್ಕೆ ಬಂದ ಮೇಲೂ ಹಳೇ ಕೋವಿ ಕಂಡರೆ ನಿಂತು ನೋಡುತ್ತೇನೆ.

ಇಲ್ಲಿ ಮೊದಲು ಕೊಂಡ ಲಿವರ್ ಆಕ್ಷನ್ ರೈಫಲ್ (ಹಿಡಿಯ ಕೆಳಗಿನ ಲಿವರ್ ಎಳೆದು ಗುಂಡು ತುಂಬುವಂಥದ್ದು) ಫಳಫಳ ಹೊಳೆಯುತ್ತಿತ್ತು. ಆ ಹೊಳಪಿಗೇ ಮರುಳಾದೆ. ಮನೆಗೆ ತಂದು ಭೂತಗನ್ನಡಿ ಹಿಡಿದರೆ, ನಳಿಗೆಯ ಮೇಲಿನ ಅಕ್ಷರಗಳು ಅರ್ಧ ಸವೆದಿವೆ. ಯಾರೋ ಚೆನ್ನಾಗಿ ಉಜ್ಜಿ, ಹೊಸ ಬಣ್ಣ ಕೊಟ್ಟಿದ್ದರು. ಸಂಗ್ರಹ ಮಾಡುವವರ ಕಣ್ಣಿನಲ್ಲಿ ಅದರ ಬೆಲೆ ಅಲ್ಲಿಗೇ ಬಿದ್ದುಹೋಯಿತು.

ಎರಡನೇ ಸಲ ಆತುರಪಡಲಿಲ್ಲ. ಅಮೆರಿಕದ ವಿಂಚೆಸ್ಟರ್ ಕಂಪನಿಯ 1873 ಮಾದರಿ, 44-40 ಎಂಬ ಅಳತೆಯ ಗುಂಡಿನದು, 24 ಇಂಚಿನ ಎಂಟು ಮೂಲೆಯ ನಳಿಗೆ. ಬಣ್ಣವೆಲ್ಲ ಕಂದಿ, ನೋಡಲು ಸಪ್ಪೆಯಾಗಿತ್ತು. ಆದರೆ ನಳಿಗೆಯ ಅಂಚಿನ ಮೇಲೆ ಬೆರಳು ಓಡಿಸಿದೆ, ಇನ್ನೂ ಚೂಪಾಗಿತ್ತು! ಉಜ್ಜಿದ ಕೋವಿಯಲ್ಲಿ ಆ ಅಂಚು ದುಂಡಗಾಗಿರುತ್ತದೆ. ಆಮೇಲೆ ಮರ ಮತ್ತು ಕಬ್ಬಿಣ ಸೇರುವ ಜಾಗ ನೋಡಿದೆ. ಕಾರ್ಖಾನೆಯಿಂದ ಬಂದಾಗ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರವಿರುತ್ತದೆ. ಮರಳು ಕಾಗದ ಹಾಕಿದರೆ ತಗ್ಗಿಬಿಡುತ್ತದೆ. ಇದರಲ್ಲಿ ತಗ್ಗಿರಲಿಲ್ಲ. ಸ್ಕ್ರೂ ತಲೆಗಳೂ ಹರಿದಿರಲಿಲ್ಲ. ಲಿವರ್ ಕೆಳಗೆಳೆದರೆ ಗುಂಡನ್ನು ನಳಿಗೆಯ ಮಟ್ಟಕ್ಕೆ ಎತ್ತುವ ಹಿತ್ತಾಳೆಯ ಕ್ಯಾರಿಯರ್ ನುಣ್ಣಗೆ ಮೇಲೆದ್ದಿತು. ಧೂಳು ತಡೆಯುವ ಮೇಲಿನ ಜಾರು ಮುಚ್ಚಳವೂ ಇತ್ತು, ಇದು ಎಷ್ಟೋ ರೈಫಲ್‌ಗಳಲ್ಲಿ ಕಳೆದುಹೋಗಿರುತ್ತದೆ.

ಕೋವಿಯ ಸೀರಿಯಲ್ ನಂಬರ್ ಇರುವುದು ಲಿವರ್ ಹಿಂದೆ, ಹಿಡಿಯ ಕೆಳಗಿನ ಪಟ್ಟಿಯಲ್ಲಿ. ಅದನ್ನು ಬರೆದುಕೊಂಡು ವಯೋಮಿಂಗ್‌ನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂಗೆ ಕೇಳಿ ಬರೆದೆ. ವಿಂಚೆಸ್ಟರ್ ಕಂಪನಿಯ ಹಳೇ ದಾಖಲೆ ಪುಸ್ತಕಗಳು ಅಲ್ಲಿವೆ. ಶುಲ್ಕ ಕಟ್ಟಿದರೆ ಪತ್ರ ಕೊಡುತ್ತಾರೆ. ಎಂಟು ಮೂಲೆಯ ನಳಿಗೆ, 44 ಗುಂಡು, 1889ರಲ್ಲಿ ಗೋದಾಮಿನಿಂದ ಹೊರಟದ್ದು, ಎಲ್ಲ ಪತ್ರದಲ್ಲಿತ್ತು. ಅದನ್ನು ಓದಿದಾಗ ಆದ ಖುಷಿ ದೊಡ್ಡದು. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಇಲ್ಲಿನ ಕೇಂದ್ರ ಕಾನೂನು ಪುರಾತನ ವಸ್ತು ಎಂದೇ ಎಣಿಸುತ್ತದೆ. ರಾಜ್ಯಗಳ ಕಾನೂನು ಬೇರೆ ಬೇರೆ, ಕೊಳ್ಳುವ ಮೊದಲೇ ವಿಚಾರಿಸಿ.

ಗುಂಡು ಹಾರಿಸುವುದಿಲ್ಲ. ಈ ಕೋವಿಯ ಒಳಗಿನ ಕೀಲು ಹಳೇ ಕಾಲದ ಕರಿಮದ್ದಿಗೆಂದು ಮಾಡಿದ್ದು, ಈಗಿನ ಜೋರು ಗುಂಡು ತಾಳಲಾರದು. ಚರ್ಮದ ಚೀಲದಲ್ಲೂ ಇಡುವುದಿಲ್ಲ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಬೀಗ ಹಾಕಿದ ಕಪಾಟಿನಲ್ಲಿಟ್ಟು, ಆಗಾಗ ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಒರೆಸುತ್ತೇನೆ, ಅಷ್ಟೇ. ಹಿತ್ತಾಳೆ ಕಪ್ಪಾಗಿದೆಯಲ್ಲ, ಹುಣಸೆಹಣ್ಣು ಹಾಕಿ ತಿಕ್ಕು ಅಂತ ಅಮ್ಮ ಫೋನಿನಲ್ಲಿ ಹೇಳುತ್ತಿರುತ್ತಾರೆ. ಬೇಡಮ್ಮ, ಆ ಕಪ್ಪು ಕೂಡಲು ನೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು ಅನ್ನುತ್ತೇನೆ.